ಬೇಗ ಮುರಿಯುವ ಹಲ್ಲು

"ಹಾಕಿದ ಹಲ್ಲು ಮತ್ತೆ ಮುರ್ಕೊಂಡ್ರಾ?" ಎಂದು ಕೇಳಿದಳು ಹಲ್ಲಿನ ಡಾಕ್ಟರು.

"ಚಕ್ಕುಲಿ ಕಡಿದೆ," ಎಂದಳು ಹೆಂಡತಿ.

ಗಂಡ ಅವಳ ಗಲ್ಲವನ್ನು ಮೆಲ್ಲಗೆ ಎತ್ತಿ ತೋರಿಸಿದ. "ಎಷ್ಟು ಹೇಳಿದ್ರೂ ಕೇಳಲ್ಲ ಮೇಡಂ. ಈ ಸಲ ಗಟ್ಟಿ ಇರೋದೇ ಹಾಕಿ."

"ಇಂಪ್ಲಾಂಟು ಮೂಳೆಗೆ ಕಚ್ಕೊಳ್ಳೋವರೆಗೆ ಹಾಕೋ ತಾತ್ಕಾಲಿಕ ಹಲ್ಲು ಇದು. ಮಾಮೂಲಿ ಪ್ಲಾಸ್ಟಿಕ್ ಆದ್ರೆ ಬೇಗ ಮುರಿಯುತ್ತೆ. ಮಷೀನಲ್ಲಿ ಕೊರೆದದ್ದು ಕಲ್ಲಿನ ಹಾಗಿರುತ್ತೆ."

"ಕಲ್ಲಿನ ಹಾಗಿರೋದೇ ಹಾಕಿ." ಫೋನು ಬಂತೆಂದು ಅವನು ಹೊರಗೆ ಹೋದ.

"ಇಂಥ ಗಂಡ ಸಿಗೋಕೆ ಪುಣ್ಯ ಮಾಡಿದ್ರಿ," ಎಂದು ಡಾಕ್ಟರು ನಕ್ಕಳು.

ಹೆಂಡತಿ ಬಾಗಿಲ ಕಡೆ ನೋಡಿ, ಡಾಕ್ಟರ ಕೈ ಹಿಡಿದುಕೊಂಡಳು.

"ಬೇಗ ಮುರಿಯೋದೇ ಹಾಕಿ ಮೇಡಂ. ಹಲ್ಲು ಮುರೀದೆ ಅವರ ಕೈಗೆ ಗಾಯ ಆದ್ರೆ, ಆಮೇಲೆ ಬೆಲ್ಟ್ ತಗೋತಾರೆ."