ಕಿವಿಯ ಹಿಂದಿನ ದೀಪ

ದಾನೇಶ್ವರಿ ರೊಟ್ಟಿಯ ತಟ್ಟೆಯನ್ನು ಗೋಡೆಗೆ ಬೀಸಿ ಒಗೆದಾಗ, ಅವಳ ತಾಯಿ ಸುವರ್ಣಾ ಎಂದಿನಂತೆ ಮೊದಲು ಮಗಳ ಕಿವಿಯ ಹಿಂದೆ ನೋಡಿದಳು. ಹರೆಯಕ್ಕೆ ಬಂದ ಎಲ್ಲ ಮಕ್ಕಳಿಗೂ ಅಲ್ಲಿ ಕಡಲೆಕಾಳಿನಷ್ಟು ದೀಪ ಕೂರಿಸುತ್ತಿದ್ದರು. ಸಿಟ್ಟು ವಯಸ್ಸಿನದಾದರೆ ಅದು ಹಸಿರಾಗುತ್ತಿತ್ತು, ತಾಯಂದಿರು ಧೈರ್ಯವಾಗಿ ಬೈಯುತ್ತಿದ್ದರು. ತಲೆಯ ಪೆಟ್ಟಿನದಾದರೆ ಕೆಂಪು. ಹೋದ ವರ್ಷ ಬಸ್ಸಿನ ಮೆಟ್ಟಿಲಿನಿಂದ ಬಿದ್ದ ಮೇಲೆ ದಾನೇಶ್ವರಿಯ ದೀಪ ಎರಡೂ ಬಣ್ಣ ತೋರಿಸುತ್ತಿತ್ತು. ಕೆಂಪು ಬಂದಾಗ ಸುವರ್ಣಾ ತುಟಿ ಪಿಟಕ್ಕೆನ್ನದೆ ಚೆಲ್ಲಿದ ಪಲ್ಯ ಬಳಿಯುತ್ತಿದ್ದಳು.

ಇವತ್ತು ದೀಪ ಹೊತ್ತಿರಲೇ ಇಲ್ಲ. ಸುವರ್ಣಾ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಅದನ್ನು ಉಗುರಿನಿಂದ ತಟ್ಟಿದಳು.

"ಕೆಟ್ಟೈತೇನ ಇದು? ಈಗ ನಾ ಬೈಲೋ, ಬಿಡ್ಲೋ?"

"ದೀಪ ಛಲೋನ ಐತಿ." ಮಗಳು ಅವಳ ಕೈ ಸರಿಸಿದಳು. "ನಾ ಬಿದ್ದಾಗಿಂದ ನೀ ಬರೇ ಕಿವಿ ನೋಡ್ತಿ ಬೇ. ನನ್ನ ಮಾರಿ ನೋಡಿ ಮಾತಾಡಿದ್ದು ಯಾವಾಗ, ಹೇಳು?"

ಹಸಿರಿಗೊಂದು ಮಾತಿತ್ತು, ಕೆಂಪಿಗೊಂದು ಮೌನವಿತ್ತು, ಇದಕ್ಕೆ ಏನಿದೆ? ಸುವರ್ಣಾಳ ಕಣ್ಣು ಮತ್ತೆ ಕಿವಿಯತ್ತಲೇ ಹೊರಳತೊಡಗಿತು. ಅವಳು ದೀಪದ ಮೇಲೆ ಅಂಗೈ ಮುಚ್ಚಿ, ಮಗಳ ಮುಖ ನೋಡಿ ಕೇಳಿದಳು.

"ಯಾಕವ್ವಾ, ಏನಾತು?"