ಒದ್ದೆ ಗೋಡೆ

ಎಂಜಿನಿಯರು ಬೆರಳೊತ್ತಿದ್ದೇ ತಡ, ಅಡುಗೆಮನೆಯ ಗೋಡೆ ಹಿಟ್ಟಿನಂತೆ ಉದುರಿತು. "ರಿಪೇರಿ ದಂಡ ಸರ್. ಮನೆ ಕೆಡವಿ ಹೊಸದಾಗಿ ಕಟ್ಸೋದೇ ವಾಸಿ."

ಈ ಮಾತನ್ನು ಅಮ್ಮನೆದುರು ಯಾರಾದರೂ ಹೇಳಲೆಂದೇ ಮಗ ಕಳೆದ ಮಳೆಗಾಲದಲ್ಲಿ ತಾರಸಿಯ ನೀರಿನ ಪೈಪನ್ನು ಗುಟ್ಟಾಗಿ ಈ ಗೋಡೆಯತ್ತ ತಿರುಗಿಸಿಟ್ಟಿದ್ದ. ಹಳೇ ಮನೆಗೆ ರಿಪೇರಿಯೇ ಸಾಕೆಂದು ಪಟ್ಟು ಹಿಡಿದಿದ್ದ ಅಮ್ಮ ಈಗ ಜಗಳಕ್ಕೆ ಬರುತ್ತಾಳೆಂದು ಉತ್ತರವನ್ನೂ ಜೋಡಿಸಿಕೊಂಡಿದ್ದ.

ಅಮ್ಮ ಜಗಳಕ್ಕೆ ಬರಲಿಲ್ಲ. ಕಿಟಕಿಯಂಚಿನ ಹೂಕುಂಡಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು. "ನಂದೇ ತಪ್ಪು ಕಣೋ. ದಿನಾ ಇವಕ್ಕೆ ನೀರು ಸುರಿದೂ ಸುರಿದೂ ನಿಮ್ಮಪ್ಪ ಕಟ್ಟಿದ ಗೋಡೆನ ನಾನೇ ಹಾಳು ಮಾಡಿಬಿಟ್ಟೆ. ಕೆಡವಿಸು, ಅಡ್ಡ ಬರಲ್ಲ."

ಕೊನೆಯ ಕುಂಡವನ್ನು ಅವನ ಕೈಗಿಡುತ್ತಾ, ಎಂಜಿನಿಯರಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ನನ್ನಿಂದ ಹಾಳಾಯ್ತು ಅಂತ ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡಪ್ಪ."

ಅವನು ಕುಂಡದಿಂದ ಕಣ್ಣೆತ್ತಲಿಲ್ಲ. "ಇಲ್ಲಮ್ಮ, ಹೇಳಲ್ಲ" ಎಂದ.