ಗೊಬ್ಬರ ಕಾಣದ ತಾಕು

ಮಂದಾಕಿನಿ ಮೇಡಂ ಹುಲ್ಲುಗಾವಲಿನ ಎರಡು ತಾಕುಗಳ ಮಣ್ಣನ್ನು ಮೂರು ವರ್ಷ ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದ್ದರೆಂದರೆ, ಅದರೊಳಗಿನ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆಲ್ಲ ಅವರ ಮುಖಪರಿಚಯವಾಗಿಬಿಟ್ಟಿತ್ತು. ಒಂದು ತಾಕಿಗೆ ಯೂರಿಯಾ, ಇನ್ನೊಂದಕ್ಕೆ ಬರೀ ಮಳೆನೀರು. ಕೊನೆಗೆ ನೋಡಿದರೆ ಎರಡರಲ್ಲೂ ಜೀವಿಗಳ ಸಂಖ್ಯೆ ಒಂದೇ! ಯೂರಿಯಾದಿಂದ ಅವುಗಳ ಕೂದಲೂ ಕೊಂಕುವುದಿಲ್ಲ ಎಂದು ಸಾಬೀತಾಯಿತು. ಮೇಡಂ ಹಿಗ್ಗಿದ ರಭಸಕ್ಕೆ ಪ್ರಯೋಗಾಲಯದ ಚಾವಣಿ ಒಂದು ಗೇಣು ಮೇಲೆದ್ದಿತು. ಮರುದಿನ ದೆಹಲಿಯ ಸಮ್ಮೇಳನದಲ್ಲಿ ಇದನ್ನು ಸಾರಿ, ಜಗತ್ತಿನ ಮಣ್ಣುವಿಜ್ಞಾನಿಗಳೆಲ್ಲ ತಲೆತಗ್ಗಿಸುವಂತೆ ಮಾಡುವುದೊಂದೇ ಬಾಕಿ.

ಹೊರಡುವ ಮೊದಲು ಅವರು ಹುಲ್ಲುಗಾವಲಿಗೆ ಬಂದು, ಗೊಬ್ಬರ ಹಾಕುತ್ತಿದ್ದ ಕಾವಲುಗಾರ ಚಿತ್ತಯ್ಯನಿಗೆ ಶಾಲು ಹೊದಿಸಿದರು.

“ಒಂದು ಸಲಾನೂ ಗೊಬ್ಬರ ತಪ್ಪಿಸಲಿಲ್ಲ ನೀನು, ಚಿತ್ತಯ್ಯ!”

“ತಪ್ಪಿಸ್ತೀನಾ ಮೇಡಮ್ಮೋರೇ! ನಮ್ಮೂರ ಮದ್ವೆಗಳಲ್ಲಿ ಸಾವಿರ ಎಲೆಗೆ ಬಡಿಸಿದ ಕೈ ಇದು.”

“ಆ ಪಕ್ಕದ ತಾಕಿಗೆ ಮಾತ್ರ ಒಂದು ಕಾಳೂ ಬೀಳಲಿಲ್ಲ, ಅಲ್ವಾ?”

ಚಿತ್ತಯ್ಯ ಶಾಲು ಸರಿಮಾಡಿಕೊಂಡು, ಮೇಡಂ ಮಾನ ಕಾಪಾಡುವವನಂತೆ ದನಿ ತಗ್ಗಿಸಿದ.

“ನೀವು ದೊಡ್ಡೋರು, ಪಂಕ್ತಿಭೇದ ಮಾಡಿದ್ರೂ ನಡೀತದೆ. ನನ್ ಕೈಲಾಗಲಿಲ್ಲ ಮೇಡಮ್ಮೋರೇ. ನೀವು ಕೊಟ್ಟಿದ್ದನ್ನ ಮೊದಲ್ನೇ ದಿನದಿಂದ್ಲೂ ಎರಡಕ್ಕೂ ಸಮಸಮ ಬಡಿಸಿದೀನಿ.”